ಪ್ಯಾರಿಲೀನ್ ಕೋಟಿಂಗ್: ಚೇಂಬರ್ ಬಾಗಿಲು ಮುಚ್ಚುವ ಮೊದಲೇ ಆಗುವ ತಪ್ಪುಗಳು

ದೇಹದೊಳಗೆ ಇಡುವ ಸಾಧನದ ಸರ್ಕ್ಯೂಟ್ ಬೋರ್ಡಿಗೆ 10 ಮೈಕ್ರಾನ್ ದಪ್ಪದ ಪ್ಯಾರಿಲೀನ್ ಸಿ ಎಂಬ ಪ್ಲಾಸ್ಟಿಕ್ ರಕ್ಷಣಾ ಪದರ ಹಾಕಿಸಿ ಉಪ್ಪುನೀರಿನಲ್ಲಿ ಮುಳುಗಿಸಿಟ್ಟಿದ್ದೀರಿ. ಕೆಲವು ವಾರಕ್ಕೆ ಪದರದಡಿ ಸಣ್ಣ ಗುಳ್ಳೆಗಳೆದ್ದವು. ಮೀಟಿಂಗಿನಲ್ಲಿ ಮೊದಲು ಕೇಳುವ ಮಾತು, "ಇನ್ನೊಂದೈದು ಮೈಕ್ರಾನ್ ಜಾಸ್ತಿ ಮಾಡಿಸೋಣ". ಸಾಮಾನ್ಯವಾಗಿ ಇದರಿಂದ ದುಡ್ಡು ಖರ್ಚಾಗುತ್ತದೆ, ಗುಳ್ಳೆ ನಾಲ್ಕು ದಿನ ತಡವಾಗಿ ಏಳುತ್ತದೆ, ಅಷ್ಟೇ.

ನೀರಾವಿಯನ್ನು ಪೂರ್ತಿ ತಡೆಯುವ ಪ್ಲಾಸ್ಟಿಕ್ ಇಲ್ಲ. ಪ್ಯಾರಿಲೀನ್ ಸಿ ಕೂಡ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆವಿ ಆವಿಯಾಗಿದ್ದಷ್ಟು ಹೊತ್ತು ದೊಡ್ಡ ತೊಂದರೆಯಿಲ್ಲ. ಅದು ದ್ರವವಾಗಿ ನಿಲ್ಲಲು ಜಾಗ ಸಿಕ್ಕರೆ ತೊಂದರೆ. ಪದರ ಬೋರ್ಡಿಗೆ ಗಟ್ಟಿಯಾಗಿ ಅಂಟದ ಕಡೆ ಆ ಜಾಗ ಇರುತ್ತದೆ. ಅಲ್ಲೇ ಬೆಸುಗೆ ಹಿಡಿಯಲು ಬಳಸುವ ಫ್ಲಕ್ಸ್‌ನಿಂದ ಉಳಿದ ಲವಣವೋ ಬೆರಳಿನ ಬೆವರೋ ಇದ್ದರೆ, ಅದು ಪದರದ ಮೂಲಕ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಒತ್ತಡ ಹೆಚ್ಚಿ ಪದರ ಮೇಲೇಳುತ್ತದೆ, ಕೆಳಗಿನ ಎರಡು ಟ್ರ್ಯಾಕ್‌ಗಳ ನಡುವೆ ಕರೆಂಟ್ ಸೋರಲು ಶುರುವಾಗುತ್ತದೆ. ಹಾಗಾಗಿ ಗುಳ್ಳೆ ಕಂಡರೆ ಕೋಟಿಂಗ್ ಮಾಡಿದವರಿಗಿಂತ ಮೊದಲು ತೊಳೆದವರನ್ನು ವಿಚಾರಿಸಬೇಕು.

ಪ್ಯಾರಿಲೀನ್ ಹೊಸದೇನಲ್ಲ. 1947ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೈಕೆಲ್ ಸ್ವಾರ್ಕ್ ಗುರುತಿಸಿದ ಪಾಲಿಮರ್ ಇದು. ಎರಡು ಮಾನೋಮರ್ (ಪಾಲಿಮರ್ ಸರಪಳಿಯ ಬಿಡಿ ಕೊಂಡಿ) ಜೋಡಿಯಾಗಿರುವ ಡೈಮರ್ ಪುಡಿಯಿಂದ ಇದನ್ನು ಪಡೆಯುವ ವಿಧಾನವನ್ನು ಯೂನಿಯನ್ ಕಾರ್ಬೈಡ್‌ನ ವಿಲಿಯಂ ಗೋರಮ್ ರೂಪಿಸಿದರು, 1965ರಲ್ಲಿ ಅದು ಮಾರುಕಟ್ಟೆಗೆ ಬಂತು. ಕ್ರಮ ಇವತ್ತಿಗೂ ಅದೇ. ಪುಡಿಯನ್ನು ಸುಮಾರು 150 ಡಿಗ್ರಿಯಲ್ಲಿ ಆವಿ ಮಾಡುತ್ತಾರೆ, 680 ಡಿಗ್ರಿಯ ಫರ್ನೇಸ್‌ನಲ್ಲಿ ಅದು ಒಡೆದು ಮಾನೋಮರ್ ಆಗುತ್ತದೆ, ಕೋಣೆಯ ಉಷ್ಣತೆಯಲ್ಲಿರುವ ಚೇಂಬರ್‌ಗೆ ಬಂದು ಸಿಕ್ಕ ಮೇಲ್ಮೈಯ ಮೇಲೆಲ್ಲ ಪಾಲಿಮರ್ ಆಗಿ ಕೂರುತ್ತದೆ. ಉಳಿದದ್ದನ್ನು ವ್ಯಾಕ್ಯೂಮ್ ಪಂಪಿನ ಮುಂದಿರುವ, ಮೈನಸ್ 70 ಡಿಗ್ರಿಗೂ ಕೆಳಗಿನ ಕೋಲ್ಡ್ ಟ್ರ್ಯಾಪ್ ಹಿಡಿಯುತ್ತದೆ. ದ್ರವವೂ ಇಲ್ಲ, ಒಣಗಿಸುವುದೂ ಇಲ್ಲ. ಮೂಲೆ, ಪಿನ್ನಿನ ತುದಿ, ಐಸಿಯ ಅಡಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ ಬರುವುದು ಇದರಿಂದಲೇ.

ಈಗ ತೊಳೆಯುವ ವಿಷಯ. ಬೋರ್ಡು ಕಣ್ಣಿಗೆ ಫಳಫಳ ಹೊಳೆದರೆ ಸಾಲದು, ಅಯಾನಿಕ್ ಕೊಳೆಯನ್ನು, ಅಂದರೆ ಲವಣದಂಥ ಉಳಿಕೆಯನ್ನು, ಅಳೆಯಬೇಕು. ಸಾಮಾನ್ಯ ಎಲೆಕ್ಟ್ರಾನಿಕ್ಸ್‌ನಲ್ಲಿ ಬಹುಕಾಲ ಬಳಸಿದ ಮಿತಿ ಚದರ ಸೆಂಟಿಮೀಟರಿಗೆ 1.56 ಮೈಕ್ರೋಗ್ರಾಂ ಸೋಡಿಯಂ ಕ್ಲೋರೈಡ್‌ಗೆ ಸಮ. ವರ್ಷಗಟ್ಟಲೆ ದೇಹದಲ್ಲಿರುವ ಬೋರ್ಡಿಗೆ ಈ ಮಿತಿ ತೀರಾ ಸಡಿಲ. "ನೋ-ಕ್ಲೀನ್" ಫ್ಲಕ್ಸ್ ಎಂಬ ಹೆಸರು ನಂಬಿ ತೊಳೆಯದೆ ಬಿಡುವುದು ಇಲ್ಲಿ ದೊಡ್ಡ ತಪ್ಪು. ಕೋಟಿಂಗ್ ಇಲ್ಲದ ಬೋರ್ಡಿಗೆ ಹೊಂದುವ ಮಾತದು, ಪದರದಡಿ ಸಿಕ್ಕಿಬಿದ್ದ ಉಳಿಕೆಗಲ್ಲ. ತೊಳೆದ ಮೇಲೆ ಕೊನೆಯ ಜಾಲಾಡುವಿಕೆ ಡಿಅಯೊನೈಸ್ಡ್ (ಲವಣದ ಅಯಾನುಗಳನ್ನು ತೆಗೆದ) ನೀರಿನಲ್ಲಿ, ಆಮೇಲೆ ಓವನ್‌ನಲ್ಲಿ ಒಣಗಿಸುವುದು. ಅಲ್ಲಿಂದ ಮುಂದೆ ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ. ಸಿಲಿಕೋನ್ ಬಿಡಿಭಾಗಗಳನ್ನು ಮೊದಲೇ ವ್ಯಾಕ್ಯೂಮ್ ಓವನ್‌ನಲ್ಲಿ ಬೇಯಿಸಿ ಒಳಗಿನ ಆವಿ ಹೊರಹಾಕಬೇಕು. ಇಲ್ಲದಿದ್ದರೆ ಚೇಂಬರ್ ಕೋಟಿಂಗ್ ಶುರುವಿಗೆ ಮುಂಚಿನ ಕನಿಷ್ಠ ಒತ್ತಡಕ್ಕೆ, ಅಂದರೆ ಬೇಸ್ ಪ್ರೆಶರ್‌ಗೆ ಇಳಿಯಲು ಸತಾಯಿಸುತ್ತದೆ, ಹೊರಬಂದ ಎಣ್ಣೆ ಪಕ್ಕದ ಭಾಗಗಳ ಮೇಲೂ ಕೂರುತ್ತದೆ.

ಅಂಟು ಹಿಡಿಸಲು ಎ-174 ಎಂಬ ಸೈಲೇನ್ (ಮೇಲ್ಮೈಗೂ ಪದರಕ್ಕೂ ಕೊಂಡಿಯಾಗುವ ಸಿಲಿಕಾನ್ ಸಂಯುಕ್ತ) ಬಳಕೆಯಲ್ಲಿದೆ. ಗಾತ್ರದಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) 100 ಪಾಲು, ಡಿಅಯೊನೈಸ್ಡ್ ನೀರು 100 ಪಾಲು, ಸೈಲೇನ್ 1 ಪಾಲು. ಕಲಕಿ ಕನಿಷ್ಠ 2 ಗಂಟೆ ಬಿಡಬೇಕು. ಸೈಲೇನ್ ನೀರಿನೊಂದಿಗೆ ಪ್ರತಿಕ್ರಿಯಿಸಿದ ಮೇಲಷ್ಟೇ ಕೆಲಸಕ್ಕೆ ಬರುವುದು. ಅವಸರಕ್ಕೆ ಆಗಷ್ಟೇ ಕಲಸಿದ ದ್ರಾವಣದಲ್ಲಿ ಅದ್ದಿದರೆ ಬರಿಯ ಸ್ನಾನ ಮಾಡಿಸಿದಂತೆ. 24 ಗಂಟೆ ದಾಟಿದ್ದನ್ನು ಚೆಲ್ಲಿ. ಭಾಗಗಳನ್ನು 15ರಿಂದ 30 ನಿಮಿಷ ಮುಳುಗಿಸಿ, ಅಷ್ಟೇ ಹೊತ್ತು ಗಾಳಿಗೆ ಒಣಗಿಸಿ, ಐಪಿಎಯಲ್ಲಿ 15-30 ಸೆಕೆಂಡು ಅಲ್ಲಾಡಿಸಿ ತೊಳೆದು, ಮತ್ತೆ ಒಣಗಿಸಿ. ಈ ತೊಳೆತ ಬಿಟ್ಟರೆ ಹೆಚ್ಚಾದ ಸೈಲೇನ್ ಕಲೆಯಾಗಿ ಉಳಿದು ತಾನೇ ಸಡಿಲ ಪದರವಾಗುತ್ತದೆ.

ಚಿನ್ನ, ಪ್ಲಾಟಿನಂ ಮೇಲೆ ಸೈಲೇನ್ ಹೆಚ್ಚೇನೂ ಮಾಡದು. ಅದು ಹಿಡಿಯುವುದು ಆಕ್ಸೈಡ್ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳನ್ನು, ಈ ಲೋಹಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಎಲೆಕ್ಟ್ರೋಡ್ ಪ್ಯಾಡ್‌ಗಳ ಅಂಚಿನಿಂದಲೇ ಪದರ ಏಳುವುದನ್ನು ಕಂಡಿದ್ದರೆ ಕಾರಣ ಇದೇ. ಚಿನ್ನದ ಮೇಲೆ ಟೈಟಾನಿಯಂನ ತೆಳುಪದರ ಹಾಕುವುದು, ಇಲ್ಲವೇ ಪದರ ಕಚ್ಚಿಕೊಳ್ಳುವಂತೆ ರಂಧ್ರ, ಗೀರುಗಳನ್ನು ವಿನ್ಯಾಸದಲ್ಲೇ ಕೊಡುವುದು ದಾರಿ.

ಡೈಮರ್ ಎಷ್ಟು ಹಾಕಬೇಕು? ಪ್ಯಾರಿಲೀನ್ ಸಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.289 ಗ್ರಾಂ. ಅಂದರೆ 1 ಚದರ ಮೀಟರ್ ಮೇಲ್ಮೈಗೆ 10 ಮೈಕ್ರಾನ್ ಬೇಕಾದರೆ ಸುಮಾರು 13 ಗ್ರಾಂ ಪಾಲಿಮರ್ ಅಲ್ಲಿ ಕೂರಬೇಕು. ಟ್ರ್ಯಾಪಿಗೆ ಹೋಗುವುದು ಬೇರೆ. ಮರೆಯುವುದು ಏನೆಂದರೆ ಚೇಂಬರ್ ಗೋಡೆ, ಭಾಗಗಳನ್ನು ಹಿಡಿದಿಡುವ ಫಿಕ್ಸ್‌ಚರ್, ತಿರುಗುವ ತಟ್ಟೆ ಎಲ್ಲವೂ ಈ ಮೇಲ್ಮೈ ಲೆಕ್ಕದಲ್ಲಿ ಬರುತ್ತವೆ. 200 ಭಾಗಗಳಿಗೆ ಸರಿಹೋದ ತೂಕವನ್ನೇ 120 ಭಾಗಗಳಿಗೆ ಹಾಕಿದರೆ ಪದರ ದಪ್ಪವಾಗುತ್ತದೆ. ಖಾಲಿ ಜಾಗಕ್ಕೆ ಡಮ್ಮಿ ಭಾಗಗಳನ್ನು ತುಂಬಿ ಮೇಲ್ಮೈ ಒಂದೇ ಇರಿಸುವುದು ಸರಳ ಉಪಾಯ. ಪ್ರತಿ ಬ್ಯಾಚಿನಲ್ಲೂ ಮೇಲೆ, ನಡುವೆ, ಕೆಳಗೆ ಒಂದೊಂದು ಗಾಜಿನ ಸ್ಲೈಡ್ ಇಟ್ಟು ದಪ್ಪ ಅಳೆಯಿರಿ. ಗೋಡೆಯಿಂದ ಪದರ ಸುಲಭವಾಗಿ ಸುಲಿಯಲೆಂದು ಸೋಪಿನ ದ್ರಾವಣ ಬಳಿಯುತ್ತಾರೆ. ಅದೇ ಗ್ಲೌಸಿನಲ್ಲಿ ಭಾಗಗಳನ್ನು ಜೋಡಿಸಿದರೆ ಅಂಟು ಕೆಟ್ಟಿತೆಂದೇ ಲೆಕ್ಕ.

ಪದರ ಪಾರದರ್ಶಕವಾಗಿರಬೇಕು. ಮಬ್ಬಾಗಿ ಬಂದರೆ ಎರಡು ಕಾರಣ ನೋಡಿ: ಫರ್ನೇಸ್ ಉಷ್ಣತೆ ಸಾಲದೆ ಒಡೆಯದ ಡೈಮರ್ ಹಾಗೇ ದಾಟಿ ಬಂದಿರಬಹುದು, ಅಥವಾ ಪುಡಿ ಬೇಗ ಆವಿಯಾಗಿ ಚೇಂಬರ್ ಒತ್ತಡ ಏರಿರಬಹುದು. ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ 25-35 ಮಿಲಿಟಾರ್ (ನಿರ್ವಾತದ ಒತ್ತಡ ಅಳೆಯುವ ಮಾನ)‌ನಲ್ಲಿ ನಡೆಸುತ್ತಾರೆ. ಒತ್ತಡದ ಗ್ರಾಫ್ ಇಟ್ಟುಕೊಂಡಿದ್ದರೆ ಯಾವುದೆಂದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮಾಸ್ಕಿಂಗ್‌ಗೆ, ಅಂದರೆ ಪದರ ಬೇಡವಾದ ಕಡೆ ಮುಚ್ಚಲು, ಮಾಮೂಲಿ ಟೇಪಿನ ಅಂಚು ಒತ್ತಿದ್ದೇವೆ ಎಂಬ ಭರವಸೆ ಸಾಲದು. ಆವಿ ಕೂದಲೆಳೆ ಸಂದಿನಲ್ಲೂ ನುಗ್ಗುತ್ತದೆ. ಕನೆಕ್ಟರ್ ಪಿನ್ನಿಗೆ ಹೋದರೆ ಅದು ಇನ್ಸುಲೇಟರ್ ಆಗಿ ಕುಳಿತುಬಿಡುತ್ತದೆ. ಬಿಗಿಯಾಗಿ ಕೂರುವ ಸಿಲಿಕೋನ್ ಬೂಟ್ ಅಥವಾ ದ್ರವರೂಪದ ಲೇಟೆಕ್ಸ್ ಮೇಲು. ತೆಗೆಯುವಾಗ ಮಾಸ್ಕಿನ ಅಂಚಿನುದ್ದಕ್ಕೂ ಸ್ಕಾಲ್ಪೆಲ್‌ನಿಂದ ಗೀರಿಕೊಂಡು ಆಮೇಲೆ ಎಳೆಯಿರಿ. ಹಾಗೇ ಎಳೆದರೆ ಪಕ್ಕದ ಒಳ್ಳೆಯ ಪದರವೂ ಜೊತೆಗೆ ಎದ್ದು, ಕಣ್ಣಿಗೆ ಕಾಣದ ಬಾಯಿ ತೆರೆದುಕೊಳ್ಳುತ್ತದೆ. ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಪರೀಕ್ಷೆಗೆ ಎಎಸ್‌ಟಿಎಂ ಡಿ3359 ಟೇಪ್ ಟೆಸ್ಟ್ (ಪದರವನ್ನು ಗೀರಿ, ಟೇಪ್ ಅಂಟಿಸಿ ಕಿತ್ತು ಅಂಟು ನೋಡುವ ಪರೀಕ್ಷೆ) ಒಣ ಸ್ಥಿತಿಯಲ್ಲಿ ಮಾಡಿ ಪಾಸ್ ಎಂದು ಬರೆದುಕೊಂಡರೆ ಅರ್ಧ ಕೆಲಸವೂ ಆಗಿಲ್ಲ. ಬಿಸಿ ಉಪ್ಪುನೀರಿನಲ್ಲಿ ನೆನೆಸಿ ತೆಗೆದ ಮೇಲೆ ಅದೇ ಟೆಸ್ಟ್ ಮಾಡಿ, ಜೊತೆಗೆ ವೋಲ್ಟೇಜ್ ಕೊಟ್ಟು ಸೋರಿಕೆ ಕರೆಂಟ್ ದಾಖಲಿಸಿ. 10 ಡಿಗ್ರಿ ಏರಿದರೆ ಹಾಳಾಗುವ ವೇಗ ಎರಡು ಪಟ್ಟು ಎಂಬ ರೂಢಿಯ ಲೆಕ್ಕದಲ್ಲಿ 67 ಡಿಗ್ರಿಯಲ್ಲಿಟ್ಟರೆ 37 ಡಿಗ್ರಿಗಿಂತ ಎಂಟು ಪಟ್ಟು. ಇನ್ನೂ ಅವಸರ ಮಾಡಿ 95ಕ್ಕೆ ಏರಿಸಬೇಡಿ. ಸುಮಾರು 90 ಡಿಗ್ರಿ ದಾಟಿದರೆ ಪಾಲಿಮರ್‌ನ ಸ್ವಭಾವವೇ ಬದಲಾಗುತ್ತದೆ, ಆ ಫಲಿತಾಂಶ ದೇಹದ ಉಷ್ಣತೆಗೆ ಅನ್ವಯಿಸದು. ಇನ್ನೊಂದು: ಮಾರುವವರು ಕೊಡುವ ಯುಎಸ್‌ಪಿ ಕ್ಲಾಸ್ 6 ಪತ್ರ (ವಸ್ತು ದೇಹಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆಯದು) ಕಚ್ಚಾ ವಸ್ತುವಿನದು. ಐಎಸ್‌ಒ 10993 (ವೈದ್ಯಕೀಯ ಸಾಧನಗಳ ಜೈವಿಕ ಸುರಕ್ಷತೆಯ ಮಾನದಂಡ) ಪ್ರಕಾರ ಮೌಲ್ಯಮಾಪನ ಆಗಬೇಕಾದ್ದು ನಿಮ್ಮ ಸೈಲೇನ್, ನಿಮ್ಮ ಸ್ಟೆರಿಲೈಸೇಶನ್ ಎಲ್ಲ ಸೇರಿದ ಸಿದ್ಧ ಸಾಧನಕ್ಕೆ.

ಕೆಟ್ಟ ಬ್ಯಾಚನ್ನು ಕರಗಿಸಿ ತೆಗೆಯೋಣ ಎಂದರೆ, ಕೋಣೆಯ ಉಷ್ಣತೆಯಲ್ಲಿ ಯಾವ ಸಾಮಾನ್ಯ ದ್ರಾವಕಕ್ಕೂ ಇದು ಜಗ್ಗದು. ಆಕ್ಸಿಜನ್ ಪ್ಲಾಸ್ಮಾ, ಲೇಸರ್ ಅಥವಾ ಸೂಕ್ಷ್ಮ ಪುಡಿಯ ಬ್ಲಾಸ್ಟಿಂಗ್ ಉಳಿದ ದಾರಿಗಳು, ಮೂರೂ ನಿಧಾನ. ಗುಳ್ಳೆ ಎದ್ದ ಪದರದ ಮೇಲೆ ಇನ್ನೊಂದು ಪದರ ಹಾಕಿ ಮುಚ್ಚಲು ಹೋಗಬೇಡಿ. ಕೆಳಗಿನ ಉಪ್ಪು ಅಲ್ಲೇ ಇರುತ್ತದೆ.