ಹುಲ್ಲಿನ ಮೇಲಿನ ಬೂಷ್ಟು: 'ಹೊಸದು' ಅನ್ನುವ ಮೊದಲು

ಕೈಲ್ ಮುಹೂರ್ತ ಕಳೆದು ಹುತ್ತರಿ ಬರುವವರೆಗಿನ ದಿನಗಳು ಕೊಡಗಿನಲ್ಲಿ ಹುಲ್ಲಿನ ಶಿಲೀಂಧ್ರ ಹುಡುಕಲು ಹೇಳಿ ಮಾಡಿಸಿದ ಕಾಲ. ಮಳೆಯ ಆರ್ಭಟ ಇಳಿದಿರುತ್ತದೆ, ಎಲೆಯ ಪಸೆ ಆರಿರುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಹುಲ್ಲು ತೆನೆ ಬಿಟ್ಟಿರುತ್ತದೆ. ತೆನೆ ಇಲ್ಲದ ಹುಲ್ಲಿಗೆ ಹೆಸರಿಡಲು ಹೋದವರು ಮುಗ್ಗರಿಸುವುದೇ ಹೆಚ್ಚು. ಈಗಾಗಲೇ ಗೊತ್ತಿರುವ ಶಿಲೀಂಧ್ರಗಳನ್ನು ನಾವು ಹುಡುಕುವುದು ಹುಲ್ಲಿನ ಹೆಸರು ಹಿಡಿದು. ಅದೇ ತಪ್ಪಿದರೆ, ನೂರು ವರ್ಷ ಹಳೆಯ ಪ್ರಭೇದವೂ ಹೊಸದಾಗಿ ಕಾಣುತ್ತದೆ.

ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿ ಧಾಮಗಳ ಒಳಗಿನ ಹುಲ್ಲುಗಾವಲಿನಿಂದ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದೆಳೆ ಹುಲ್ಲನ್ನೂ ಕೀಳಬೇಡಿ. ಕಲಿಯುವವರಿಗೆ ಗದ್ದೆಯ ಬದು, ತೋಟದ ಅಂಚು, ಸ್ವಂತ ಬಾಣೆ (ಗದ್ದೆಗೆ ಹೊಂದಿದ ಹುಲ್ಲು-ಮರದ ಜಾಗ) ಧಾರಾಳವಾಗಿ ಸಾಕು. ಗರಿಕೆ, ದರ್ಭೆ, ಮಜ್ಜಿಗೆ ಹುಲ್ಲು ಮೂರರಲ್ಲೂ ಶಿಲೀಂಧ್ರದ ಚುಕ್ಕೆ ಸಿಗುತ್ತದೆ.

ಚುಕ್ಕೆ ಇರುವ ಹತ್ತು ಹದಿನೈದು ಎಲೆ, ಜೊತೆಗೆ ಬೇರು ತೆನೆ ಸಮೇತ ಒಂದು ಪೂರ್ತಿ ಗಿಡ ತೆಗೆದುಕೊಳ್ಳಿ. ಕಾಗದದ ಕವರೇ ಬೇಕು. ಪ್ಲಾಸ್ಟಿಕ್‌ನಲ್ಲಿ ಎಲೆ ಬೆವರಿ, ಬೆಳಗಾಗುವಷ್ಟರಲ್ಲಿ ಕ್ಲಾಡೋಸ್ಪೋರಿಯಂನಂಥ ಬಿಟ್ಟಿ ಬೂಷ್ಟು ಎಲ್ಲವನ್ನೂ ಮುಚ್ಚಿಹಾಕಿರುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ನಮ್ಮ ಮಳೆಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ. ಎಲೆಗಳನ್ನು ಹಳೇ ಪೇಪರ್ ನಡುವೆ ಒತ್ತಿಟ್ಟು ದಿನಾ ಪೇಪರ್ ಬದಲಿಸಿ, 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಗಿಸಬೇಕು. ಒಳಗೊಂದು 40 ವ್ಯಾಟ್ ಬಲ್ಬ್ ಉರಿಯುವ ಮರದ ಪೆಟ್ಟಿಗೆ ಸಾಕು, ಶಾಖ ಮಾತ್ರ ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ. ಒಲೆ ಮೇಲಿನ ಅಟ್ಟವೂ ಒಣಗಿಸುತ್ತದೆ ನಿಜ, ಆದರೆ ಅಲ್ಲಿನ ಮಸಿ ಎಲೆ ಮೇಲೆ ಕೂತು ಲೆನ್ಸ್ ಕೆಳಗೆ ಶಿಲೀಂಧ್ರದ ವೇಷ ಹಾಕುತ್ತದೆ.

ಮೊದಲು 10 ಪಟ್ಟಿನ ಕೈಮಸೂರದಲ್ಲಿ ನೋಡಿ. ಕಿತ್ತಳೆ, ಕಂದು ಪುಡಿ ಉದುರಿದರೆ ಅದು ತುಕ್ಕು ರೋಗದ ಶಿಲೀಂಧ್ರ. ತೆನೆ ಕರಿಪುಡಿಯಾಗಿದ್ದರೆ ಕಾಡಿಗೆ ರೋಗದ್ದು. ಹಳೆ ಮೈಸೂರು ಸೀಮೆಯ ಈ ಎರಡು ಗುಂಪುಗಳನ್ನು ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ 1940ರ ದಶಕದಲ್ಲೇ ಜಾಲಾಡಿದ್ದಾರೆ, ಹಾಗಾಗಿ ಅವರು ಹೆಸರಿಸಿದ ಪ್ರಭೇದಗಳನ್ನು ನೋಡದೆ ಮುಂದೆ ಹೋಗಬೇಡಿ. ತುಕ್ಕಿನ ಗುಳ್ಳೆಯೊಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಹೊಳಪಿನ ಚುಕ್ಕೆಗಳು ಕಂಡರೆ ಕುಣಿದಾಡುವ ಅಗತ್ಯವಿಲ್ಲ. ಅದು ಬಹುಮಟ್ಟಿಗೆ ಸ್ಫೆರೆಲೊಪ್ಸಿಸ್, ತುಕ್ಕನ್ನೇ ತಿಂದು ಬದುಕುವ ಇನ್ನೊಂದು ಶಿಲೀಂಧ್ರ. ಹುಲ್ಲಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಪುಡಿ ಇಲ್ಲದ ಕಂದು ಚುಕ್ಕೆಯೇ ಹೆಚ್ಚು ಕೆಲಸ ಕೊಡುವುದು. ಎಲೆಯ ತುಂಡನ್ನು ಒದ್ದೆ ಫಿಲ್ಟರ್ ಪೇಪರ್ ಹಾಸಿದ ಪೆಟ್ರಿ ತಟ್ಟೆಯಲ್ಲಿಟ್ಟು 25 ಡಿಗ್ರಿಯಲ್ಲಿ ಎರಡು ಮೂರು ದಿನ ಬಿಟ್ಟರೆ ಚುಕ್ಕೆಯ ಮೇಲೆ ಕಪ್ಪು ಕೂದಲಿನಂತೆ ಎಳೆಗಳು ಏಳುತ್ತವೆ. ಅವುಗಳ ಬೀಜಕಗಳನ್ನು (ಸ್ಪೋರ್) ಸೂಜಿಯಿಂದ ಎತ್ತಿ ಒಂದು ಸ್ಲೈಡನ್ನು ನೀರಿನಲ್ಲಿ, ಇನ್ನೊಂದನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ಮಾಡಿ. ಬೀಜಕದ ಸುತ್ತಲಿನ ಲೋಳೆ ಪದರ ನೀರಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ಕಾಲೇಜಿನಲ್ಲಿ ಕಲಿಸುವ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಬಣ್ಣರಹಿತ ಬೀಜಕಕ್ಕೆ ಚೆನ್ನ, ಕಂದು ಬೀಜಕಕ್ಕೆ ಅದರಿಂದ ಏನೂ ಲಾಭವಿಲ್ಲ. ಮೇಲಾಗಿ ಬೀಜಕ ಕುಗ್ಗುವುದೂ ಉಂಟು.

ಇನ್ನು ಅಳತೆ. ಸೂಕ್ಷ್ಮದರ್ಶಕದ ಐಪೀಸ್ ಒಳಗಿನ ಗೀರುಪಟ್ಟಿಗೆ ತನ್ನದೇ ಬೆಲೆ ಅಂತ ಇಲ್ಲ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಸ್ಟೇಜ್ ಮೈಕ್ರೋಮೀಟರ್ ಇಟ್ಟು, ಪ್ರತಿ ಆಬ್ಜೆಕ್ಟಿವ್‌ಗೂ ಬೇರೆಬೇರೆಯಾಗಿ ಹೊಂದಿಸಬೇಕು. ಅದರ ಒಂದು ಗೀರೆಂದರೆ 10 ಮೈಕ್ರಾನ್. 40 ಪಟ್ಟಿನ ಲೆನ್ಸ್‌ನಲ್ಲಿ ಹೊಂದಿಸಿದ ಲೆಕ್ಕವನ್ನೇ 100ರ ಎಣ್ಣೆ ಲೆನ್ಸ್‌ಗೂ ಹಚ್ಚಿ ಎರಡೂವರೆ ಪಟ್ಟು ದೊಡ್ಡ 'ಹೊಸ ಪ್ರಭೇದ' ಕಂಡುಹಿಡಿಯುವುದು ಈ ಕ್ಷೇತ್ರದ ಹಳೇ ತಮಾಷೆ. ಕನಿಷ್ಠ 30, ಸಾಧ್ಯವಾದರೆ 50 ಬೀಜಕಗಳನ್ನು ಅಳೆಯಿರಿ. ಉದ್ದ, ಅಗಲ, ಅಡ್ಡಗೋಡೆಗಳ ಸಂಖ್ಯೆ ಮೂರನ್ನೂ ಬರೆದಿಡಿ. ಚೆಂದದವನ್ನು ಆರಿಸಿಕೊಂಡು ಅಳೆದರೆ ಸರಾಸರಿ ಸುಳ್ಳು ಹೇಳುತ್ತದೆ. ಎಲೆ ಮೇಲಿನ ಬೀಜಕದ ಅಳತೆ, ತಟ್ಟೆಯಲ್ಲಿ ಬೆಳೆಸಿದ್ದರ ಅಳತೆ ಒಂದೇ ಇರುವುದಿಲ್ಲ, ಎರಡನ್ನೂ ಕಲಸಬೇಡಿ.

ಕಂದು, ಉದ್ದ, ಅಡ್ಡಗೋಡೆಯ ಬೀಜಕ ಸಿಕ್ಕಿದರೆ ನಾಲ್ಕು ಕುಲಗಳ ನಡುವೆ ಆಯ್ಕೆ. ಬುಡದ ಹೊಕ್ಕುಳು (ಬೀಜಕ ಎಳೆಗೆ ಅಂಟಿದ್ದ ಗುರುತು) ಮೊಳೆಯಂತೆ ಹೊರಗೆ ಚಾಚಿದ್ದರೆ ಎಕ್ಸೆರೋಹೈಲಂ. ಬೀಜಕ ಗಿಡ್ಡವಾಗಿ ಬಾಗಿ, ನಡುವಿನ ಒಂದು ಕೋಶ ಉಬ್ಬಿ ಗಾಢವಾಗಿದ್ದರೆ ಕರ್ವುಲೇರಿಯಾ. ಉಳಿದೆರಡಕ್ಕೆ ಮೊಳಕೆ ನೋಡಬೇಕು: ಜೆಲ್ಲಿಯಂಥ ಅಗರ್ ಮೇಲೆ ರಾತ್ರಿಯಿಡೀ ಬಿಟ್ಟಾಗ ಎರಡೂ ತುದಿಗಳಿಂದ ಮೊಳೆತರೆ ಬೈಪೊಲಾರಿಸ್, ನಡುವಿನ ಕೋಶಗಳಿಂದಲೂ ಮೊಳೆತರೆ ಡ್ರೆಕ್ಸ್‌ಲೆರಾ. ಭತ್ತದ ಕಂದು ಚುಕ್ಕೆ ರೋಗ ತರುವುದು ಒಂದು ಬೈಪೊಲಾರಿಸ್ಸೇ. ಆದರೆ ಈ ಗಡಿಗಳೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಬೈಪೊಲಾರಿಸ್ ಹವಾಯಿಯೆನ್ಸಿಸ್ ಅನ್ನು ಡಿಎನ್‌ಎ ನೋಡಿ 2012ರಲ್ಲಿ ಕರ್ವುಲೇರಿಯಾಕ್ಕೆ ದಾಟಿಸಿದರು.

ಒಂದೇ ಬೀಜಕದಿಂದ ಬೆಳೆಸಿದ ಕಲ್ಚರ್ ಇಲ್ಲದೆ ಡಿಎನ್‌ಎ ಕೆಲಸಕ್ಕೆ ಕೈ ಹಾಕಬೇಡಿ, ಏಕೆಂದರೆ ಒಂದು ಚುಕ್ಕೆಯಲ್ಲಿ ಮೂರು ನಾಲ್ಕು ಶಿಲೀಂಧ್ರ ಇರುವುದು ಮಾಮೂಲು. ಲೀಟರ್ ನೀರಿಗೆ 20 ಗ್ರಾಂ ಅಗರ್ ಹಾಕಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ ಶುದ್ಧಗೊಳಿಸಿ) ತಟ್ಟೆಗೆ ಹೊಯ್ಯಿರಿ. ಬೀಜಕಗಳನ್ನು ತೆಳ್ಳಗೆ ಹರಡಿ, ಮರುದಿನ ಮೊಳೆತ ಒಂದನ್ನು ಅಗರ್ ಚೂರಿನ ಸಮೇತ ಕತ್ತರಿಸಿ ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗರ್‌ಗೆ ದಾಟಿಸಿ. ಅಲ್ಲಿ ಬರೀ ಬೂದು ಹತ್ತಿ ಬೆಳೆದು ಬೀಜಕವೇ ಬಾರದಿದ್ದರೆ, ಆಟೋಕ್ಲೇವ್ ಮಾಡಿದ ಹುಲ್ಲಿನ ತುಂಡನ್ನು ಬರೀ ಅಗರ್ ಮೇಲಿಟ್ಟು ಅದರ ಪಕ್ಕಕ್ಕೆ ನೆಡಿ. ಊಟ ಕಡಿಮೆಯಾದಾಗಲೇ ಅದಕ್ಕೆ ಬೀಜಕ ಬಿಡುವ ಮನಸ್ಸು ಬರುತ್ತದೆ. ಮಳೆಗಾಲದ ದೊಡ್ಡ ಕಾಟ ನುಸಿ (ಮೈಟ್). ತಟ್ಟೆಯಲ್ಲಿ ಚುಕ್ಕಿ ಇಟ್ಟು ಎಳೆದ ಗೆರೆಯಂತೆ ಸಣ್ಣ ಕಾಲೊನಿಗಳು ಎದ್ದಿದ್ದರೆ ಅದು ನುಸಿ ನಡೆದ ದಾರಿ. ಆ ತಟ್ಟೆಯನ್ನು ಉಳಿಸಲು ಹೋದರೆ ಉಳಿದವೂ ಕೈಬಿಟ್ಟಂತೆ, ತಕ್ಷಣ ಆಟೋಕ್ಲೇವ್‌ಗೆ ಹಾಕಿ. ತುಕ್ಕು ಮಾತ್ರ ಸಾಮಾನ್ಯ ಅಗರ್ ಮೇಲೆ ಬೆಳೆಯುವುದಿಲ್ಲ, ಅದರ ಡಿಎನ್‌ಎಯನ್ನು ಗುಳ್ಳೆಯಿಂದಲೇ ತೆಗೆಯಬೇಕು.

ಶಿಲೀಂಧ್ರಗಳ ಬಾರ್‌ಕೋಡ್ ಅಂತ 2012ರಲ್ಲಿ ಒಪ್ಪಿದ್ದು ಡಿಎನ್‌ಎಯಲ್ಲಿನ ಐಟಿಎಸ್ ಎಂಬ ಭಾಗವನ್ನು. ಹುಲ್ಲಿನ ಶಿಲೀಂಧ್ರಗಳಲ್ಲಿ ಅದು ಕುಲದವರೆಗೆ ಕರೆದೊಯ್ದು ಕೈಬಿಡುತ್ತದೆ. ಬೈಪೊಲಾರಿಸ್, ಕರ್ವುಲೇರಿಯಾಗಳಿಗೆ ಜಿಎಪಿಡಿಎಚ್ ಮತ್ತು ಟೆಫ್1 ಜೀನ್‌ಗಳನ್ನೂ ಓದಿಸಲೇಬೇಕು. ಡಿಎನ್‌ಎ ಸರಣಿ ಹೋಲಿಸುವ ತಂತ್ರಾಂಶ ಬ್ಲಾಸ್ಟ್‌ನಲ್ಲಿ 97 ಶೇಕಡಾಕ್ಕಿಂತ ಕಡಿಮೆ ಹೋಲಿಕೆ ಬಂತು, ಹಾಗಾಗಿ ಹೊಸದು ಅನ್ನುವ ವಾದ ನಿಲ್ಲುವುದಿಲ್ಲ. ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ತಪ್ಪು ಹೆಸರಿನ ಸರಣಿಗಳು ಬೇಕಾದಷ್ಟಿವೆ. ಹೋಲಿಸಬೇಕಾದ್ದು ಮೂಲ ಮಾದರಿಯಿಂದ (ಪ್ರಭೇದಕ್ಕೆ ಹೆಸರಿಟ್ಟಾಗ ಆಧಾರವಾಗಿ ಕಾಪಿಟ್ಟದ್ದರಿಂದ) ಬಂದ ಸರಣಿಗಳ ಜೊತೆ. ಇದರ ಉಲ್ಟಾ ಪಾಠವೂ ಇದೆ. ಭತ್ತಕ್ಕೆ ಬೆಂಕಿ ರೋಗ ತರುವ ಪೈರಿಕ್ಯುಲೇರಿಯಾ ಮತ್ತು ಡಿಜಿಟೇರಿಯಾ ಹುಲ್ಲಿನ ಪೈರಿಕ್ಯುಲೇರಿಯಾ ಬೀಜಕದಲ್ಲಿ ಒಂದೇ ಥರ. ಅವು ಎರಡು ಪ್ರಭೇದ ಅಂತ 2002ರಲ್ಲಿ ಬೇರ್ಪಡಿಸಿದ್ದು ಡಿಎನ್‌ಎ ಆಧಾರದ ಮೇಲೆ.

ಇಷ್ಟಾದರೂ ಹೊಸದೇ ಅನ್ನಿಸಿದರೆ ಹೆಸರಿನ ಕೆಲಸ. 2012ರಿಂದ ಲಕ್ಷಣ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿಲ್ಲ, ಇಂಗ್ಲಿಷ್ ಸಾಕು. 2013ರಿಂದ ಮೈಕೋಬ್ಯಾಂಕಿನಂಥ ನೋಂದಣಿ ಕೇಂದ್ರದ ಸಂಖ್ಯೆ ಇಲ್ಲದ ಹೆಸರಿಗೆ ಮಾನ್ಯತೆಯಿಲ್ಲ. ಕೊಡಗಿನ ಹೆಸರಿಡುವ ಆಸೆಯಿದ್ದರೆ ವ್ಯಾಕರಣ ನೋಡಿಕೊಳ್ಳಿ: ಬೈಪೊಲಾರಿಸ್ ಸ್ತ್ರೀಲಿಂಗ, ಅದಕ್ಕೆ 'ಕೊಡಗುಎನ್ಸಿಸ್', ಕೊಲೆಟೋಟ್ರೈಕಂ ನಪುಂಸಕ, ಅದಕ್ಕೆ 'ಕೊಡಗುಎನ್ಸೆ'. ಹುಲ್ಲಿನ ಹೆಸರನ್ನೇ ಇಟ್ಟು, ಆಮೇಲೆ ಅದು ಬೇರೆ ಹುಲ್ಲು ಅಂತ ಗೊತ್ತಾದರೂ ಹೆಸರು ಬದಲಿಸುವಂತಿಲ್ಲ.

ಮೂಲ ಮಾದರಿ ಜೀವಂತ ಕಲ್ಚರ್ ಆಗಿರಬಾರದು. ಒಣಗಿಸಿದ ಎಲೆ, ಇಲ್ಲವೇ ಚಟುವಟಿಕೆ ನಿಂತ ಸ್ಥಿತಿಯಲ್ಲಿ ಕಾಪಿಟ್ಟ ಕಲ್ಚರ್ ಆಗಿರಬೇಕು, ಮತ್ತು ಆ ಮಾತನ್ನು ಪ್ರಬಂಧದಲ್ಲಿ ಬರೆದಿರಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸುವುದು ಕಡ್ಡಾಯ. ಪುಣೆಯ ಅಗರ್‌ಕರ್ ಸಂಶೋಧನಾ ಸಂಸ್ಥೆಯಲ್ಲಿ ಒಣ ಮಾದರಿಗಳ ಸಂಗ್ರಹವೂ ಇದೆ, ರಾಷ್ಟ್ರೀಯ ಶಿಲೀಂಧ್ರ ಕಲ್ಚರ್ ಸಂಗ್ರಹವೂ ಇದೆ. ಪ್ರಬಂಧ ಬರೆಯಲು ಕೂರುವ ಮುಂಚೆಯೇ ಕಳಿಸಿಬಿಡಿ. ಆಷಾಢದ ಮಡಿಕೇರಿಯಲ್ಲಿ ಮನೆ ಬೀರುವಿನೊಳಗಿಟ್ಟ ಏಕೈಕ ಮಾದರಿಯ ಮೇಲೆ ಇನ್ನೊಂದು ಬೂಷ್ಟು ಬೆಳೆಯಲು ಎರಡು ವಾರ ಸಾಕು.