ಕೊನೆಯ ಸಾಲಿಗೆ ನಾನು ಹಾಕಿದ ಬ್ರೇಸ್

2023ರ ನವೆಂಬರ್‌ನಲ್ಲಿ, ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿದ್ದ ವಾರದಲ್ಲೇ, ಲಾರಿಗಳನ್ನು ತೂಗುವ ನಮ್ಮ ವೇಬ್ರಿಡ್ಜ್ ಸಾಫ್ಟ್‌ವೇರಿನ ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವ ಕೆಲಸ, ಕೈಕೊಟ್ಟಿತು. ತೂಕದ ಚೀಟಿಯಲ್ಲಿ ತೇವಾಂಶದ ಕಡಿತವನ್ನು ಬೇರೆ ಸಾಲಿನಲ್ಲಿ ಮುದ್ರಿಸಿ ಕೊಡಬೇಕೆಂದು ವರ್ತಕರೊಬ್ಬರು ಕೇಳಿದ್ದರು. ಸಂಜೆ ನಾಲ್ಕರೊಳಗೆ ಕೊಡುತ್ತೇನೆಂದು ಒಪ್ಪಿಕೊಂಡವನು ನಾನೇ.

ಬಿಲ್ಡ್ ನಡೆಸುವ ಮೇಕ್ ಆಜ್ಞೆ ಕೊಟ್ಟೊಡನೆ ನೂರಾರು ಎರರ್‌ಗಳು ಪರದೆಯ ಮೇಲೆ ಹರಿದುಹೋದವು. ಕಣ್ಣಿಗೆ ಬಿದ್ದದ್ದು ಕೊನೆಯದು ಮಾತ್ರ: ಮೇನ್ ಫೈಲಿನ ಅಂತ್ಯದಲ್ಲಿ ಮುಚ್ಚುವ ಬ್ರೇಸ್, ಅಂದರೆ } ಚಿಹ್ನೆ, ಇರಬೇಕಿತ್ತಂತೆ. ಬೇಕಾದರೆ ತಗೋ ಎಂದು ಅಲ್ಲಿಯೇ ಒಂದನ್ನು ಹಾಕಿದೆ. ಆ ಎರರ್ ಮಾಯವಾಯಿತು, ಉಳಿದವು ಕದಲಲಿಲ್ಲ. ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದರೆ ಅವೆಲ್ಲವೂ ನಮ್ಮ ಕಂಪೈಲರ್ ಜಿಸಿಸಿಯ ಸ್ವಂತ ಹೆಡರ್‌ಗಳೊಳಗೆ, ಅಂದರೆ ಬೇರೆ ಫೈಲುಗಳು ಇನ್‌ಕ್ಲೂಡ್ ಮಾಡಿಕೊಳ್ಳುವ ಫೈಲುಗಳೊಳಗೆ, ಬಂದವು. ಮೆಮೊರಿಯನ್ನು ನಕಲಿಸುವ ಮೆಮ್‌ಕಾಪಿ ಎಂಬ ಮೂಲಭೂತ ಫಂಕ್ಷನ್ನೇ ಡಿಕ್ಲೇರ್ ಆಗಿಲ್ಲ ಎಂದು ಕಂಪೈಲರ್ ದೂರುತ್ತಿತ್ತು. ಮೆಮ್‌ಕಾಪಿಯೇ ಇಲ್ಲವೆಂದಮೇಲೆ ಕಂಪೈಲರ್ರೇ ಹಾಳಾಗಿರಬೇಕು ಎಂದು ತೀರ್ಮಾನಿಸಿ, ಅದನ್ನು ಕಿತ್ತು ಮತ್ತೆ ಇನ್‌ಸ್ಟಾಲ್ ಮಾಡಲು ಕುಳಿತೆ. ಒಂದೂವರೆ ಗಂಟೆ ಹೋಯಿತು. ನಡುವೆ ವರ್ತಕರು ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ ನಾನು ಎತ್ತಲಿಲ್ಲ. ಹೊಸ ಕಂಪೈಲರ್ ಅವೇ ಎರರ್‌ಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಿತು.

ಆರು ತಿಂಗಳ ಹಿಂದೆ ಸೇರಿದ್ದ ಕಿರಿಯ ಸಹೋದ್ಯೋಗಿ ಹಿಂದೆ ನಿಂತು ನೋಡುತ್ತಿದ್ದವರು, "ಸರ್, ಮೊದಲನೇ ಎರರಿನ ಮೇಲೆ ಎರಡು ಸಾಲು ಇದಾವಲ್ಲ, ಅವನ್ನ ನೋಡಿದ್ರಾ?" ಎಂದರು. ಯಾವ ಫೈಲು ಯಾವುದನ್ನು ಇನ್‌ಕ್ಲೂಡ್ ಮಾಡಿತೆಂಬ ಆ ಸಾಲುಗಳನ್ನು ನಾನು ಹದಿನಾಲ್ಕು ವರ್ಷಗಳಿಂದ ಅಲಂಕಾರವೆಂದೇ ಭಾವಿಸಿ ಹಾರಿಸುತ್ತ ಬಂದಿದ್ದೆ. ಅವು ಮೇನ್ ಫೈಲಿನ ನಾಲ್ಕನೆಯ ಸಾಲನ್ನು ತೋರಿಸುತ್ತಿದ್ದವು. ಮೂರನೆಯ ಸಾಲಿನಲ್ಲಿದ್ದದ್ದು ನಮ್ಮದೇ ತೂಕದ ಹೆಡರ್. ಹಿಂದಿನ ರಾತ್ರಿ ತೇವಾಂಶದ ಫೀಲ್ಡ್ ಸೇರಿಸುವಾಗ ಅದರ ನೇಮ್‌ಸ್ಪೇಸ್ (ಹೆಸರುಗಳನ್ನು ಒಂದು ಗುಂಪಾಗಿ ಸುತ್ತುವ ಆವರಣ) ಮುಚ್ಚುವ ಬ್ರೇಸನ್ನು ನಾನು ಅಳಿಸಿಬಿಟ್ಟಿದ್ದೆ. ಅದರ ನಂತರ ಬಂದ ಸಿಸ್ಟಮ್ ಹೆಡರ್‌ಗಳೆಲ್ಲ ನಮ್ಮ ನೇಮ್‌ಸ್ಪೇಸಿನೊಳಗೆ ಸಿಕ್ಕಿಕೊಂಡಿದ್ದವು; ಮೆಮ್‌ಕಾಪಿ ಇರಬೇಕಾದ ಕಡೆ ಸಿಗದಿದ್ದದ್ದು ಅದಕ್ಕೇ.

ಪ್ರೋಗ್ರಾಮರ್‌ಗಳು ಎರರ್ ಮೆಸೇಜ್ ಓದುವುದೇ ಇಲ್ಲವೆಂಬ ದೂರು ಹಳೆಯದು. 2017ರಲ್ಲಿ ಕಣ್ಣಿನ ಚಲನೆಯನ್ನು ಅಳೆದು ನಡೆಸಿದ ಅಧ್ಯಯನವೊಂದರಲ್ಲಿ, ಅವರು ಓದುತ್ತಾರೆ, ಆದರೆ ಮೆಸೇಜ್ ಓದುವುದು ಕೋಡ್ ಓದಿದಷ್ಟೇ ಕಷ್ಟ ಎಂದು ಕಂಡುಬಂದಿತು. ನಾನೂ ಓದಿದೆ, ಆದರೆ ಬಾಲದಿಂದ ಓದಿದೆ. ಈಚಿನ ಜಿಸಿಸಿಯಾದರೆ ತೆರೆದೇ ಉಳಿದ ಬ್ರೇಸ್ ಎಲ್ಲಿದೆಯೆಂದೂ ತೋರಿಸುತ್ತದೆ. ನಮ್ಮ ಬಿಲ್ಡ್ ಯಂತ್ರದಲ್ಲಿರುವುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಜೊತೆ ಬಂದ ಜಿಸಿಸಿ 4.8. ಆ ಸೆಂಟ್‌ಓಎಸ್‌ಗೆ 2024ರ ಜೂನ್‌ನಲ್ಲಿ ಬೆಂಬಲವೇ ನಿಂತಿದ್ದರೂ, ಓಡುತ್ತಿರುವುದನ್ನು ಮುಟ್ಟಬೇಡಿ ಎನ್ನುವ ಮ್ಯಾನೇಜ್‌ಮೆಂಟಿನ ಮಾತು ಇಂದಿಗೂ ಬದಲಾಗಿಲ್ಲ.

ಹೆಡರ್ ಸರಿಪಡಿಸಿದಾಗ ನಾಲ್ಕು ನಲವತ್ತು. ನೂರಾರು ಎರರ್‌ಗಳು ಹೋಗಿ ಒಂದೇ ಒಂದು ಉಳಿಯಿತು: ಮೇನ್ ಫೈಲಿನ ಕೊನೆಯಲ್ಲಿ ಹೆಚ್ಚುವರಿ ಬ್ರೇಸ್. "ಇದನ್ನ ಯಾರು ಹಾಕಿದ್ದು ಸರ್?" ಎಂದು ಆ ಕಿರಿಯ ಸಹೋದ್ಯೋಗಿ ಕೇಳಿದಾಗ, ನಾನು ವರ್ತಕರಿಗೆ ಫೋನ್ ಮಾಡುವ ನೆಪದಲ್ಲಿ ಎದ್ದು ಹೊರಗೆ ಹೋದೆ.