ಟಿ. ರೆಕ್ಸ್ ನಿಂತಿದೆ, ಯಾರೂ ಮುಟ್ಟಬೇಡಿ

ಇವತ್ತಿಗೆ ಹದಿನೆಂಟು ದಿನ ಆಯಿತು. ನನ್ನ ಟಿ. ರೆಕ್ಸ್, ಅಂದ್ರೆ ಪಿವಿಸಿ ಪ್ಲಾಸ್ಟಿಕ್‌ನ ಡೈನೋಸಾರ್ ಗೊಂಬೆ, ಒಂದು ಸಲವೂ ಬಿದ್ದಿಲ್ಲ. ಮೇ ತಿಂಗಳ ಕಲಬುರಗಿ, ಇಡೀ ದಿನ ಬಿಸಿಲು ಕುಡಿಯುವ ಆರ್‌ಸಿಸಿ ಛತ್ತು, ಅದರ ಕೆಳಗೆ ನನ್ನ ರೂಮು, ಪಶ್ಚಿಮದ ಗೋಡೆಗೆ ಗಾಜಿನ ಶೋಕೇಸು. ಪಿವಿಸಿ ಫಿಗರ್ ಇಟ್ಟುಕೊಂಡವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಹೋದ ಸಲ ಬರೆದಾಗ ಐದು ಟಿ. ರೆಕ್ಸ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಹೋಲಿಸುತ್ತೇನೆ ಅಂದಿದ್ದೆ. ತೊಳೆದದ್ದು, ಹೊಟ್ಟೆಯಡಿಯ ಮುದ್ರೆ ಓದಿ ವರ್ಷ ಬರೆದುಕೊಂಡದ್ದು, ಫೋಟೊ ತೆಗೆದದ್ದು ಎಲ್ಲಾ ಮಾಮೂಲು. ಅದನ್ನು ಬಿಡ್ತೀನಿ. ತೊಂದರೆ ಬಂದದ್ದು ‘ನಿಲ್ಲಿಸಿ’ ಅನ್ನೋ ಮಾತಿನಲ್ಲಿ. ನಾಲ್ಕು ನಿಂತವು. ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ತಂದ ಐದನೆಯದು ನಿಲ್ಲಲಿಲ್ಲ.

ಬಿದ್ದರೆ ತಾನೊಂದೇ ಬೀಳುವುದೂ ಇಲ್ಲ. ರಾತ್ರಿ ಎರಡು ಗಂಟೆಗೆ ಟಪ್ ಅಂತ ಸದ್ದು. ಎದ್ದು ಲೈಟ್ ಹಾಕಿದರೆ ಮುಂದಿದ್ದ ಟ್ರೈಸೆರಾಟಾಪ್ಸ್ ಬೆನ್ನ ಮೇಲೆ ಮೂತಿ ಊರಿ ಮಲಗಿದೆ. ಪಕ್ಕದ ಪಾರಾಸಾರೊಲೋಫಸ್ ಜುಟ್ಟು ಕೆಳಗೆ ಮಾಡಿ ಗಾಜಿಗೆ ಒರಗಿದೆ. ಒಳಗಿನಿಂದ ನನ್ನ ಹೆಂಡತಿ, "ನಿಮ್ಮ ರಾಜಾ ಮತ್ತ ಬಿದ್ದಾನೇನ್ರಿ?" ರೆಕ್ಸ್ ಅಂದ್ರೆ ಲ್ಯಾಟಿನ್‌ನಲ್ಲಿ ರಾಜ ಅಂತ ನಾನೇ ಒಮ್ಮೆ ಹೇಳಿಕೊಟ್ಟಿದ್ದೆ. ಹೇಳಬಾರದಿತ್ತು.

ಹೊಟ್ಟೆ ಉರಿಯೋದು ಯಾವಾಗ ಗೊತ್ತಾ? ಪಕ್ಕದಲ್ಲೇ ಶರಣಬಸವೇಶ್ವರ ಜಾತ್ರೆಯಲ್ಲಿ ಮೂವತ್ತು ರೂಪಾಯಿಗೆ ತಂದ ಹಸಿರು ಟಿ. ರೆಕ್ಸ್ ಒಂದಿದೆ. ಕೈಗೆ ಮೂರು ಬೆರಳು, ಇರಬೇಕಾದದ್ದು ಎರಡು. ಹಲ್ಲಿಗೆ ಬಳಿದ ಬಿಳಿ ಬಣ್ಣ ಮೂಗಿನ ತನಕ ಹೋಗಿದೆ. ಆದರೆ ಕಾಂಗರೂ ಥರ ನೆಟ್ಟಗೆ ನಿಂತು ಬಾಲ ನೆಲಕ್ಕೆ ಊರಿದೆ. ಎರಡು ಕಾಲು, ಒಂದು ಬಾಲ, ಮೂರು ಕಾಲಿನ ಸ್ಟೂಲ್ ಇದ್ದ ಹಾಗೆ. ಆರು ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ.

ಹಳೇ ಕಾಲದ ಟಿ. ರೆಕ್ಸ್ ಎಲ್ಲಾ ಹೀಗೇ ಇದ್ದವು. ನ್ಯೂಯಾರ್ಕ್‌ನ ಅಮೆರಿಕನ್ ನೈಸರ್ಗಿಕ ಇತಿಹಾಸ ಮ್ಯೂಸಿಯಂ 1915ರಲ್ಲಿ ನಿಲ್ಲಿಸಿದ ಅಸ್ಥಿಪಂಜರ ಕೂಡ ನೆಟ್ಟಗೆ ನಿಂತು ಬಾಲ ಎಳೆಯುತ್ತಿತ್ತು. ಅದು ತಪ್ಪು, ಬೆನ್ನು ನೆಲಕ್ಕೆ ಸಮಾನಾಂತರವಾಗಿತ್ತು, ಬಾಲ ಗಾಳಿಯಲ್ಲಿತ್ತು ಅಂತ ಗೊತ್ತಾದ ಮೇಲೆ 1990ರ ದಶಕದಲ್ಲಿ ಅದನ್ನು ಬಿಚ್ಚಿ ಮತ್ತೆ ಜೋಡಿಸಿದರು. ಆಟಿಕೆ ಮಾಡುವವರೂ ಬಾಲ ಎತ್ತಿದರು. ಕಬ್ಬಿಣದ ಚೌಕಟ್ಟು ಹಾಕಿ ನಿಲ್ಲಿಸೋಕೆ ಮ್ಯೂಸಿಯಂಗೆ ಆಗುತ್ತೆ. ನಮ್ಮ ಪಿವಿಸಿಗೆ ಯಾರು ದಿಕ್ಕು?

ಬಗ್ಗಿದ ಕಾಲು ನೆಟ್ಟಗಾಗಲಿ ಅಂತ ಬಿಸಿನೀರಿನ ಸ್ನಾನ ಮಾಡಿಸಿದ್ಯಾ ಅಂತ ಕೇಳ್ತೀರಿ. ಮಾಡಿಸಿದೆ, ಮೂರು ಸಲ. ಕುದಿಯೋ ನೀರಲ್ಲಿ ಅದ್ದಿದ ಕೂಡಲೇ ಕಾಲು ತಾನಾಗಿ ಅಚ್ಚಿನಲ್ಲಿದ್ದ ಆಕಾರಕ್ಕೆ ಮರಳುತ್ತೆ, ತಣ್ಣೀರಿಗೆ ಹಾಕಿದರೆ ಅಲ್ಲೇ ಗಟ್ಟಿಯಾಗುತ್ತೆ. ನೋಡೋಕೆ ಚೆಂದ. ಮೊದಲ ಸ್ನಾನ ಒಂಬತ್ತು ದಿನ ಬಂತು. ಎರಡನೆಯದು ಆರು ದಿನ. ಮೂರನೆಯದು ನಾಲ್ಕೇ ದಿನ. ಶೋಕೇಸಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ ನಾಲ್ಕಕ್ಕೆ 45 ಡಿಗ್ರಿ. ಪಿವಿಸಿ ಮೆತ್ತಗಿರಲಿ ಅಂತ ಅದರಲ್ಲಿ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಅದಕ್ಕೇ ಅದು ಇಷ್ಟು ಶಾಖಕ್ಕೇ ನಿಧಾನಕ್ಕೆ ಸೋಲುತ್ತೆ. ಒಮ್ಮೆಲೇ ಬಗ್ಗಲ್ಲ. ಭಾರ ಹೊತ್ತ ಕಡೆ ದಿನಕ್ಕೆ ಕೂದಲೆಳೆಯಷ್ಟು ವಾಲುತ್ತೆ. ಅಂದ್ರೆ ನಾನು ಅಡುಗೆಮನೆಯಲ್ಲಿ ಐದು ನಿಮಿಷ ಮಾಡಿದ್ದನ್ನು ಊರಿನ ಬಿಸಿಲು ದಿನಗಟ್ಟಲೆ ಕೂತು ಕೆಡಿಸುತ್ತಿತ್ತು.

ಮಾರಿದ ಮುಂಬೈ ಅಂಗಡಿಯವನಿಗೆ ಫೋನ್ ಮಾಡಿದೆ. "ಸರ್, ಫ್ರಿಜ್‌ನಲ್ಲಿ ಇಡಿ" ಅಂದ. ತಮಾಷೆ ಅಂದುಕೊಂಡೆ, ಅಲ್ಲ. ಆ ಮನುಷ್ಯ ಇದನ್ನು ಕಳಿಸಿದ್ದೇ ಹಳೇ ಪೇಪರ್ ಸುತ್ತಿದ ಕೊರಿಯರ್ ಚೀಲದಲ್ಲಿ, ಬಾಕ್ಸ್ ಕೂಡ ಇಲ್ಲದೆ. ಬಾಕ್ಸ್ ಬೇಕಂದ್ರೆ ಬೇರೆ ರೇಟು. ರೇಟಿನ ಮಾತು ಎತ್ತಿದರೆ ಕಸ್ಟಮ್ಸ್ ಕಡೆ ಕೈ ತೋರಿಸುತ್ತಾನೆ. ಅದೇನೂ ಸುಳ್ಳಲ್ಲ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಾನು ಕೇಳಿದ್ದು ಸುಂಕದ ವಿಷಯ ಅಲ್ಲ ಮಾರಾಯ, ಬಾಕ್ಸಿನ ವಿಷಯ.

ಇರಲಿ. ಬೇಜಾರಾಗಿ ಹೋಲಿಕೆಯ ಕೆಲಸಕ್ಕೇ ಮರಳಿದೆ, ಮಲಗಿದವನನ್ನೂ ಮಲಗಿಸಿಕೊಂಡೇ ಅಳೆದೆ. ಗುಟ್ಟು ಸಿಕ್ಕಿದ್ದು ಅಲ್ಲೇ.

ನಾನು ಅಳೆಯೋದು ದರ್ಜಿಯ ಟೇಪಿನಿಂದ, ಮೂತಿಯಿಂದ ಬಾಲದ ತುದಿ ತನಕ, ಬೆನ್ನಿನ ತಿರುವು ಹಿಡಿದು. ನೇರ ಸ್ಕೇಲ್ ಇಟ್ಟು ಅಳೆದು ‘1:35’ (ಅಂದ್ರೆ ನಿಜವಾದ ಪ್ರಾಣಿ ಗೊಂಬೆಯ 35 ಪಟ್ಟು) ಅಂತ ಬರೆಯುವವರ ಜೊತೆ ನನ್ನ ಜಗಳ ಹಳೆಯದು. ಹೋಲಿಸೋಕೆ ಶಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿರುವ ‘ಸ್ಯೂ’ ಅನ್ನೋ ಟಿ. ರೆಕ್ಸ್ ಅಸ್ಥಿಪಂಜರ ಇಟ್ಟುಕೊಂಡೆ. ಅದರ ಉದ್ದ 12.3 ಮೀಟರ್, ತಲೆಬುರುಡೆ 1.4 ಮೀಟರ್. ನನ್ನವನ ಉದ್ದ 29 ಸೆಂ.ಮೀ. ಅಂದ್ರೆ ಹತ್ತಿರಹತ್ತಿರ 1:42. ಹಳೇ ಕಾರ್ನೆಗಿ ಸರಣಿಯ 1:40 ಡೈನೋಸಾರ್ ಗೊಂಬೆಗಳ ಜೊತೆ ನಿಲ್ಲಿಸಬಹುದು, ಖುಷಿಯಾಯಿತು. ಆಮೇಲೆ ತಲೆ ಅಳೆದೆ. 4.6 ಸೆಂ.ಮೀ. ಅಂದ್ರೆ 1:30!

ಮೈ ಒಂದು ಅಳತೆಯಲ್ಲಿ, ತಲೆ ಇನ್ನೊಂದು ಅಳತೆಯಲ್ಲಿ. ಬಾಯಿ ತೆರೆದು ಗರ್ಜಿಸೋದು ಅಂಗಡಿಯಲ್ಲಿ ಕಣ್ಣಿಗೆ ಬೀಳಲಿ ಅಂತ ತಲೆ ದೊಡ್ಡದು ಮಾಡಿದ್ದಾರೆ. ಉದ್ದದಲ್ಲಿ 1.4 ಪಟ್ಟು ಅಂದ್ರೆ ಸುಮ್ನೆ ಸ್ವಲ್ಪ ದೊಡ್ಡದು ಅನಿಸುತ್ತೆ. ಆದರೆ ತೂಕ ಏರೋದು ಅದರ ಘನದಲ್ಲಿ, ಸುಮಾರು 2.7 ಪಟ್ಟು. ನಿಜವಾದ ಪ್ರಾಣಿಯ ಬುರುಡೆಯಲ್ಲಿ ದೊಡ್ಡ ದೊಡ್ಡ ಕಿಂಡಿಗಳಿದ್ದವು, ಒಳಗೆ ಗಾಳಿಯ ಜಾಗ ಇತ್ತು. ನನ್ನವನ ತಲೆ ಇಡಿಯಾಗಿ ತುಂಬಿದ ಪ್ಲಾಸ್ಟಿಕ್ ಮುದ್ದೆ.

ದಾರಕ್ಕೆ ನಟ್ ಕಟ್ಟಿ ತೂಗುಬಿಟ್ಟು ಭಾರದ ನಡುಬಿಂದು ಹುಡುಕಿದೆ. ಮೊದಲು ಬೆನ್ನಿಂದ ನೇತುಹಾಕಿ ಒಂದು ಗೆರೆ, ಆಮೇಲೆ ಬಾಲದಿಂದ ನೇತುಹಾಕಿ ಇನ್ನೊಂದು ಗೆರೆ. ಎರಡೂ ಕೂಡಿದ ಬಿಂದು ನೆಲದಿಂದ 8 ಸೆಂ.ಮೀ. ಎತ್ತರದಲ್ಲಿತ್ತು. ಅಲ್ಲಿಂದ ಕೆಳಗೆ ಇಳಿದ ದಾರ ಎಡಗಾಲಿನ ಉಗುರಿಗಿಂತ ಬರೀ ಅರ್ಧ ಸೆಂ.ಮೀ. ಹಿಂದೆ ಬಂತು. ಅಂದ್ರೆ ಕಾಲು ಮೂರೂವರೆ ಡಿಗ್ರಿ ಮುಂದಕ್ಕೆ ಬಗ್ಗಿದರೆ ಸಾಕು, ಅಡ್ಡ ಬೀಳುತ್ತೆ. ನಾಲ್ಕು ದಿನದ ಬಿಸಿಲಿಗೆ ಅಷ್ಟು ಬಗ್ಗೋದು ಏನು ದೊಡ್ಡದು?

ಮುಂದೆ ಭಾರ ಇದ್ದರೆ ಹಿಂದೆ ಭಾರ ಹಾಕೋಣ ಅಂತ ಬಾಲದ ಕೆಳಗೆ ತೂತು ಕೊರೆದು ಸೈಕಲ್ ಬೇರಿಂಗ್ ಗುಂಡುಗಳನ್ನು ತುಂಬಿದೆ. ಒಂದು ದಿನ ನಿಂತಿತು. ಎರಡನೇ ದಿನ ಸಂಜೆ ಹಿಂದಕ್ಕೆ ವಾಲಿ, ಬಾಗಿಲಲ್ಲಿ ರೊಟ್ಟಿಗೆ ಕಾದ ನಾಯಿ ಥರ ಕೂತಿತ್ತು. ತಪ್ಪು ನನ್ನದೇ. ಒಟ್ಟು ತೂಕ ಜಾಸ್ತಿ ಆದಷ್ಟೂ ಕಾಲು ಬೇಗ ಸೋಲುತ್ತೆ, ಅದು ಮೊದಲೇ ಹೊಳೆಯಬೇಕಿತ್ತು. ಗುಂಡು ತೆಗೆದು ತೂತು ಮುಚ್ಚಿದೆ. ಅಕ್ಕನ ಮಗ ಬಂದವನು ಅದನ್ನೇ ನೋಡಿ, "ಮಾಮಾ, ಇದಕ್ಕ ಇಂಜೆಕ್ಷನ್ ಮಾಡಿಸೀರೇನು?" ಅಂದ.

ಕೊನೆಗೆ ಉತ್ತರ ಸಿಕ್ಕಿದ್ದು ಅದೇ ಸೈಕಲ್ ಅಂಗಡಿಯಲ್ಲಿ. ಬೇರಿಂಗ್ ವಾಪಸ್ ಕೊಡೋಕೆ ಹೋದರೆ ತಗೊಳ್ಳಲಿಲ್ಲ, ಬದಲಿಗೆ ಒಂದು ಡಜನ್ ಸ್ಪೋಕ್ ಕಟ್ಟಿಕೊಟ್ಟರು. ದಾರಿಯಲ್ಲಿ ಬರ್ತಾ ಕೈಯಲ್ಲಿ ತಿರುಗಿಸ್ತಾ ಇದ್ದೆ. ಎರಡು ಮಿ.ಮೀ. ದಪ್ಪ, ಗಟ್ಟಿ, ಒಂದು ತುದಿಯಲ್ಲಿ ಸ್ಕ್ರೂವಿಗೆ ಇರೋ ಥರ ತಿರುಪಿನ ಮರೆ, ಆ ಮರೆಗೆ ಹಾಕಿ ಬಿಗಿಯೋ ಪುಟ್ಟ ನಟ್, ಅದೇ ನಿಪ್ಪಲ್. ಗಾಡಿ ನಿಲ್ಲಿಸಿಬಿಟ್ಟೆ.

ಕಾಲು ಬಾಗುತ್ತಿದ್ದದ್ದು ಎಲ್ಲಿ ಅಂತ ನೋಡಿ. ನೋಡಿದವರು ಹಿಂದಕ್ಕೆ ಮಡಿಚಿದ ಮೊಣಕಾಲು ಅಂದುಕೊಳ್ಳೋದು ನಿಜವಾಗಿ ಪಾದದ ಗಂಟು, ಈ ಪ್ರಾಣಿಗಳು ಬೆರಳಿನ ಮೇಲೆ ನಡೆಯುತ್ತಿದ್ದವು. ಬೆರಳಿಗೂ ಆ ಗಂಟಿಗೂ ನಡುವೆ ನೇರವಾದ ಒಂದು ತುಂಡು ಇದೆ, ನನ್ನದರಲ್ಲಿ ನಾಲ್ಕೂವರೆ ಸೆಂ.ಮೀ. ಬಾಗೋದು ಆ ತುಂಡಿನ ಬುಡದಲ್ಲಿ, ಎಂಟು ಮಿ.ಮೀ. ದಪ್ಪ ಇರೋ ಕಡೆ. ಅಲ್ಲಿ ಒಳಗೆ ಒಂದು ನೆಟ್ಟನೆ ಕಡ್ಡಿ ಹೋದರೆ ಮುಗೀತು.

ಮೊದಲು ಸೋಮಾರಿತನ ಮಾಡಿ ಸ್ಪೋಕನ್ನು ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ ಚುಚ್ಚಿದೆ. ನೀವು ಮಾಡಬೇಡಿ. ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತೆ, ಗಂಟಲು ಎರಡು ದಿನ ಉರಿಯಿತು. ಆಮೇಲೆ ಅಡುಗೆಮನೆಗೆ ನನಗೆ ಪ್ರವೇಶ ಇಲ್ಲ. ಕೈ ಡ್ರಿಲ್ಲಿನಿಂದ ನಿಧಾನಕ್ಕೆ ಕೊರೆದೆ, ಮೊದಲು ಒಂದೂವರೆ ಮಿ.ಮೀ., ಆಮೇಲೆ ಎರಡು. ಎಡಗಾಲು ಸರಿಯಾಗಿ ಬಂತು. ಬಲಗಾಲಲ್ಲಿ ಡ್ರಿಲ್ ದಾರಿ ತಪ್ಪಿ ಪಕ್ಕದಿಂದ ಮೂಗು ಹಾಕಿತು. ಅಲ್ಲಿಗೆ ಪುಟ್ಟಿ ತುಂಬಿ, ಸೂಜಿಯಿಂದ ಚರ್ಮದ ಗೆರೆ ಎಳೆದು, ಕಂದು ಬಣ್ಣ ಹಚ್ಚಿದ್ದೇನೆ. ಫೋಟೊದಲ್ಲಿ ಬಲಗಡೆಯಿಂದ ತೆಗೆದದ್ದು ಯಾಕಿಲ್ಲ ಅಂತ ಕೇಳಬೇಡಿ.

ಇನ್ನು ಅದನ್ನು ನಿಲ್ಲಿಸೋ ಪೀಠ. ಮರ ಹಗುರ, ಅಕ್ರಿಲಿಕ್ ದುಬಾರಿ. ಶಹಾಬಾದ್ ಪಕ್ಕದಲ್ಲಿಟ್ಟುಕೊಂಡು ಬೇರೆ ಯಾವ ಕಲ್ಲು ಹುಡುಕಲಿ? ಪಾಲಿಶ್ ಮಾಡುವ ಕಡೆ ತುಂಡು ಕಲ್ಲಿನ ರಾಶಿಯೇ ಬಿದ್ದಿರುತ್ತೆ. ಚೀಲದಿಂದ ಟಿ. ರೆಕ್ಸ್ ತೆಗೆದು ತೋರಿಸಿದೆ. ಅಲ್ಲಿಯ ಕಾಕಾ ಕನ್ನಡಕ ಏರಿಸಿ ನೋಡಿದರು.

"ಇದಕ್ಕ ಕಟ್ಟಿ ಕಟ್ಟಸ್ಲತ್ತೀರೇನ್ರಿ ಸರ?"

"ಹೌದ್ರಿ ಕಾಕಾ. ಎರಡು ತೂತು ಬೇಕು, ನಾಕು ಮಿ.ಮೀ.ದು."

"ದೇವರೇನ್ರಿ?"

"ಅಲ್ರಿ, ಹಲ್ಲಿ ಜಾತಿದು. ಭಾಳ ಹಿಂದಿನದು."

"ನಮ್ಮ ಕಲ್ಲಕ್ಕಿಂತ ಹಿಂದಿನದೇನು?"

ಕೇಳಿದ್ದು ತಮಾಷೆಗೆ, ಆದರೆ ಪ್ರಶ್ನೆ ಸರಿಯಾಗಿತ್ತು. ಟಿ. ರೆಕ್ಸ್ ಆರೂವರೆ ಕೋಟಿ ವರ್ಷದ ಚಿಲ್ಲರೆ ಹಿಂದಿನದು. ಶಹಾಬಾದಿನ ಸುಣ್ಣಕಲ್ಲು ಐವತ್ತು ಕೋಟಿ ವರ್ಷಕ್ಕಿಂತಲೂ ಹಳೆಯದು, ಡೈನೋಸಾರ್ ಹುಟ್ಟೋಕೆ ಎಷ್ಟೋ ಮೊದಲು ಸಮುದ್ರದಡಿ ಕೂತದ್ದು. ಅದರಲ್ಲಿ ಮೂಳೆ ಹುಡುಕಿ ಪ್ರಯೋಜನ ಇಲ್ಲ. ಡೈನೋಸಾರ್ ಕಾಲದ ಕಲ್ಲು ಬೇಕಂದ್ರೆ ಆಳಂದ ಕಡೆ ಹೋಗಬೇಕು, ಅಲ್ಲಿಯ ಕರಿಕಲ್ಲು ಅವುಗಳ ಕೊನೆಗಾಲದಲ್ಲಿ ಹರಿದ ಲಾವಾ. ಅದೇ ಪುಡಿಯಾಗಿ ನಮ್ಮ ಎರೆ ಹೊಲ ಆಗಿದೆ, ಅದರಲ್ಲೇ ತೊಗರಿ ಬೆಳೀತೀವಿ. ಇಷ್ಟೂ ಹೇಳಿದೆ. ಕಾಕಾ ಎಲ್ಲಾ ಕೇಳಿ, "ಹಂಗಾದ್ರ ಹಿರಿ ಕಲ್ಲೇ ತಗೊಂಡೀರಿ" ಅಂದು ಇಪ್ಪತ್ತು ಮಿ.ಮೀ. ದಪ್ಪದ ತುಂಡು ಆರಿಸಿ ಕೊರೆದುಕೊಟ್ಟರು. ಕಲ್ಲಿಗೆ ದುಡ್ಡು ತಗೊಳ್ಳಲಿಲ್ಲ, ತೂತಿಗೆ ಇಪ್ಪತ್ತು ರೂಪಾಯಿ.

ಕೊರೆಯೋ ತನಕ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದಾಗ ಮುಂದಿನ ಕೆಲಸ ತಲೆಗೆ ಬಂತು. ಹೈದರಾಬಾದಿನ ಬಿರ್ಲಾ ಸೈನ್ಸ್ ಸೆಂಟರ್‌ನಲ್ಲಿ ಕೋಟಾಸಾರಸ್ ಅನ್ನೋ ಡೈನೋಸಾರ್‌ನ ಅಸ್ಥಿಪಂಜರ ಇದೆಯಲ್ಲ, ತೆಲಂಗಾಣದ ಯಾಮನಪಲ್ಲಿ ಹತ್ತಿರ ಸಿಕ್ಕಿದ್ದು, 1988ರಲ್ಲಿ ಹೆಸರಿಟ್ಟಿದ್ದು. ನಮ್ಮೂರಿಂದ ಒಂದು ಹಗಲಲ್ಲಿ ಹೋಗಿ ಬರಬಹುದು. ಅದರ ಫಿಗರ್ ಇಷ್ಟು ವರ್ಷ ಹುಡುಕಿದರೂ ನನಗೆ ಸಿಕ್ಕಿಲ್ಲ. ಒಂಬತ್ತು ಮೀಟರ್ ಪ್ರಾಣಿ, 1:40ರಲ್ಲಿ ಇಪ್ಪತ್ತೆರಡೂವರೆ ಸೆಂ.ಮೀ. ಎಪಾಕ್ಸಿ ಮಣ್ಣಲ್ಲಿ ನಾನೇ ಮಾಡಬಹುದು. ಜೊತೆಗೆ ಬಾರಾಪಾಸಾರಸ್ ಕೂಡ, ಹೆಸರಲ್ಲೇ ದೊಡ್ಡ ಕಾಲು ಅಂತ ಇದೆ. ಎರಡಕ್ಕೂ ನಾಲ್ಕು ನಾಲ್ಕು ಕಾಲು. ಯಾಕೆ ಆಸೆ ಹುಟ್ಟಿತು ಅಂತ ಗೊತ್ತಾಯ್ತು ಅಲ್ವಾ? ಗುಜರಾತಿನ ರಾಹಿಯೋಲಿಯ ರಾಜಾಸಾರಸ್ ಕೂಡ ಸಾಲಿನಲ್ಲಿ ಬೇಕು, ಅದನ್ನು ಕಲೆಕ್ಟಾ ಅನ್ನೋ ಆಟಿಕೆ ಕಂಪನಿ ಮಾಡಿದೆ. ಹೈದರಾಬಾದಿನ ಒಬ್ಬ ಮಾರಾಟಗಾರ ‘ಮುಂದಿನ ವಾರ’ ಅಂತ ಹೇಳ್ತಾ ಇದ್ದಾನೆ, ದೀಪಾವಳಿಯಿಂದ. ಅದಕ್ಕೆ ಮಾತ್ರ ಎರಡೇ ಕಾಲು.

ಜೋಡಣೆ ಸುಲಭವಾಯಿತು. ಸ್ಪೋಕಿನ ಕೊಕ್ಕೆ ತುದಿ ಕತ್ತರಿಸಿ ಎಪಾಕ್ಸಿ ಹಚ್ಚಿ ಕಾಲೊಳಗೆ ತೂರಿಸಿದೆ, ಮರೆಯ ತುದಿ ಪಾದದ ಕೆಳಗೆ ಹೊರಗಿರುವ ಹಾಗೆ. ಒಂದು ದಿನ ಬಿಟ್ಟು ಅವನ್ನು ಕಲ್ಲಿನ ತೂತಿಗೆ ಇಳಿಸಿ, ಕೆಳಗಿಂದ ನಿಪ್ಪಲ್ ಹಾಕಿ ಬಿಗಿದೆ. ನಿಪ್ಪಲ್ ತಿರುಗಿಸಿದ ಹಾಗೆ ಪಾದ ಕಲ್ಲಿಗೆ ಅಂಟುತ್ತಾ ಬಂತು, ಕಲ್ಲಿಗೂ ಬೆರಳಿಗೂ ನಡುವೆ ಕಾಗದ ಕೂಡ ಹೋಗಲ್ಲ. ನಿಪ್ಪಲ್ ತಲೆ ನೆಲಕ್ಕೆ ತಾಗದಿರಲಿ ಅಂತ ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದೆ. ಬಿಚ್ಚಬೇಕಂದ್ರೆ ನಿಪ್ಪಲ್ ತೆಗೆದರೆ ಆಯಿತು, ಗೋಂದು ಕೆರೆಯೋ ಕೆಲಸ ಇಲ್ಲ. ಒಟ್ಟು ಖರ್ಚು ಸ್ಪೋಕಿನದು ಬಿಟ್ಟರೆ ಇಪ್ಪತ್ತು ರೂಪಾಯಿ.

ಮೊನ್ನೆ ಮಧ್ಯಾಹ್ನ ಮೂರು ತಾಸು ಕರೆಂಟ್ ಹೋಗಿತ್ತು, ಕೂಲರ್ ಬಂದ್. ಥರ್ಮಾಮೀಟರ್ 46 ತೋರಿಸಿತು. ನಾನು ಕೆಳಗಡೆ ಅವ್ವನ ರೂಮಿಗೆ ಓಡಿ ಹೋದೆ. ಸಂಜೆ ಬಂದು ದಾರ ಬಿಟ್ಟು ನೋಡಿದರೆ ನಟ್ ಅದೇ ಗುರುತಿನ ಮೇಲೆ ನಿಂತಿತ್ತು.

ಆಗಲೇ ಕಂಡದ್ದು, ಮೇಲಿನ ಸಾಲಿನ ಅಲ್ಲೋಸಾರಸ್ ಸ್ವಲ್ಪ ಬಲಕ್ಕೆ ವಾಲಿದೆ. ಡಜನ್‌ನಲ್ಲಿ ಒಂದು ಸುಟ್ಟು ಹೋಯಿತು, ಎರಡು ಕಾಲಿಗೆ ಹೋದವು. ಇನ್ನೂ ಒಂಬತ್ತು ಇವೆ.